ಕಿವಿಗೊಟ್ಟ ಪೆಟ್ಟಿಗೆಗಳು

ಐಲಿಫ್ ಬೆಟ್ಟ ಹತ್ತಲು ಹೊರಟ ಬೆಳಿಗ್ಗೆ ಮಂಜು ಇರಲಿಲ್ಲ. ಇದ್ದಿದ್ದರೆ ತೋರುನ್ ಅವನನ್ನು ಬಿಡುತ್ತಿರಲಿಲ್ಲ. ಆಮೇಲೆ ಊರಿನಲ್ಲಿ ಕೆಲವರು ಬೇರೆ ಥರ ಹೇಳಿಕೊಂಡು ತಿರುಗಿದ್ದರಿಂದ ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ನಾನು ಆ ದಿನ ಬೆಟ್ಟದ ಕಾವಲು ಕೋಣೆಯಲ್ಲೇ ಇದ್ದೆ. ಅಲ್ಲಿ ಪಾಳಿಯ ಕೆಲಸದವಳು ನಾನು. ಹುಟ್ಟಿದ್ದೂ ಬೆಳೆದದ್ದೂ ಇದೇ ಸ್ಕೋರ್‌ವಿಕ್‌ನಲ್ಲಿ.

ನಮ್ಮೂರು ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ತೋಳಿನ, ಅಂಚಿಗೆ ಅಂಟಿಕೊಂಡಿದೆ. ಮುಂದೆ ಕಡಲಿನ ನೀರು, ಹಿಂದೆ ನೆತ್ತಿಯ ಮೇಲೆಯೇ ನಿಂತ ಹಾಗೆ ಗ್ರೋನಿಬ್ಬ ಬೆಟ್ಟ. ಬೆಟ್ಟದ ಎದೆಯಲ್ಲಿ ಒಂದು ಬಿರುಕಿದೆ. ನನ್ನ ಅಜ್ಜಿಯ ಕಾಲದಲ್ಲಿ ಕುರಿಮರಿಗಳು ಅದನ್ನು ಜಿಗಿದು ದಾಟುತ್ತಿದ್ದವಂತೆ. ಈಗ ಅದರೊಳಗೆ ಒಂದು ಮನೆ ಕಟ್ಟಬಹುದು. ಅದರ ಮುಂದಿನ ಬಂಡೆಯೆಲ್ಲ ಒಂದು ದಿನ ಕೆಳಗೆ ಬರುತ್ತದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಯಾವ ದಿನ ಎಂಬುದೊಂದೇ ಗೊತ್ತಿಲ್ಲ. ಅದನ್ನು ಮೊದಲೇ ತಿಳಿಯಲೆಂದು ಬಿರುಕಿನ ಉದ್ದಕ್ಕೂ, ಕೆಳಗಿನ ಇಳಿಜಾರಿನಲ್ಲೂ, ಬೂದು ಬಣ್ಣದ ಪೆಟ್ಟಿಗೆಗಳನ್ನು ಬಂಡೆಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಊಟದ ಡಬ್ಬಿಯಷ್ಟು ದೊಡ್ಡವು. ಒಳಗೆ ಉಗುರಿನಷ್ಟು ಅಗಲದ ಒಂದು ಚಿಪ್, ಬ್ಯಾಟರಿ, ಪುಟ್ಟ ರೇಡಿಯೊ. ಬಿರುಕು ಎಷ್ಟು ತೆರೆದಿದೆ, ಬಂಡೆ ಎಷ್ಟು ವಾಲಿದೆ, ಎಷ್ಟು ಚಳಿಯಿದೆ ಎಂದು ಪ್ರತಿಯೊಂದೂ ಅಳೆದು ಪಕ್ಕದ ಪೆಟ್ಟಿಗೆಗೆ ಹೇಳುತ್ತದೆ. ಅದು ತನ್ನ ಪಕ್ಕದ್ದಕ್ಕೆ. ಹೀಗೆ ಮಾತು ಕೈಯಿಂದ ಕೈಗೆ ಇಳಿದು ದೋಣಿಕಟ್ಟೆಯ ಪಕ್ಕದ ನಮ್ಮ ಕೋಣೆಗೆ ಬರುತ್ತದೆ. ಹೇಳಿ ಮುಗಿಸಿದ ಪೆಟ್ಟಿಗೆ ಬ್ಯಾಟರಿ ಉಳಿಸಲು ಮಲಗಿಬಿಡುತ್ತದೆ, ಮತ್ತೆ ಹೊತ್ತಿಗೆ ಸರಿಯಾಗಿ ಏಳುತ್ತದೆ.

ಆ ಚಿಪ್‌ಗಳಿಗೆ ಬುದ್ಧಿ ತುಂಬಿದವಳು ತೋರುನ್. ಟ್ರೋನ್‌ಹೈಮ್ ನಗರದ ಕಡೆಯವಳು, ನಲವತ್ತರ ಹತ್ತಿರದವಳು, ಮಾತು ಕಡಿಮೆ. ಅವಳು ಬೆಟ್ಟ ಹತ್ತಬೇಕಾಗಿರಲಿಲ್ಲ. ಕೋಣೆಯಲ್ಲಿ ಕೂತು ಹೊಸ ಪ್ರೋಗ್ರಾಂ ಬರೆದು ರೇಡಿಯೊದಲ್ಲಿ ಕಳಿಸಿದರೆ, ಪೆಟ್ಟಿಗೆಗಳು ಅದನ್ನು ಚೂರುಚೂರಾಗಿ ಒಂದರಿಂದ ಒಂದಕ್ಕೆ ದಾಟಿಸಿಕೊಂಡು, ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಂಡು, ಮತ್ತೆ ಕಣ್ಣು ಬಿಡುತ್ತಿದ್ದವು. ಬಿಡದೆಯೂ ಇರಬಹುದು. ಎರಡು ವರ್ಷದ ಹಿಂದೆ ಹಾಗಾಯಿತು. ಬರೆದುಕೊಳ್ಳುವ ನಡುವೆ ಬ್ಯಾಟರಿ ಸೋತು ಒಂದು ಸಾಲಿನ ಪೆಟ್ಟಿಗೆಗಳು ಕಲ್ಲಿನಂತೆ ಸುಮ್ಮನಾದವು. ಬೆಟ್ಟ ಕಣ್ಣಿಗೆ ಕಾಣದಂತಾಯಿತೆಂದು ಊರನ್ನೆಲ್ಲ ಆಚೆ ದಡದ ನೆಸ್ ಪಟ್ಟಣಕ್ಕೆ ಸಾಗಿಸಿ ಶಾಲೆಯ ಆಟದ ಒಳಾಂಗಣದಲ್ಲಿ ಮಲಗಿಸಿದರು. ಐಲಿಫ್ ಹೋಗಿ ಒಂದೊಂದಕ್ಕೂ ತಂತಿ ಚುಚ್ಚಿ ಎಬ್ಬಿಸುವವರೆಗೂ ಯಾರೂ ಮನೆಗೆ ಬರುವ ಹಾಗಿರಲಿಲ್ಲ. ಅಂದಿನಿಂದ ಒಂದು ನಿಯಮ ಬಂತು: ಊರಿನಲ್ಲಿ ಜನ ಇರುವಾಗ ಪೆಟ್ಟಿಗೆಗಳಿಗೆ ಹೊಸ ಪ್ರೋಗ್ರಾಂ ಕಳಿಸುವಂತಿಲ್ಲ. ಕಳಿಸಬೇಕಾದರೆ ಮೊದಲು ಊರು ಖಾಲಿಯಾಗಬೇಕು.

ಐಲಿಫ್ ಹಗ್ಗದ ಮನುಷ್ಯ. ಅರವತ್ತಕ್ಕೆ ಹತ್ತಿರವಾಗಿದ್ದರೂ ಬಂಡೆಯ ಮೇಲೆ ಅವನ ಪಾದ ತಡವರಿಸಿದ್ದನ್ನು ಯಾರೂ ನೋಡಿರಲಿಲ್ಲ. ಪೆಟ್ಟಿಗೆಗಳನ್ನೆಲ್ಲ ಕೂರಿಸಿದವನು ಅವನೇ. ಮದುವೆಯಾಗಿರಲಿಲ್ಲ. ಊರಿನ ವೃದ್ಧಾಶ್ರಮ ನಡೆಸುವ ಅಕ್ಕ ಮಾಗ್ನಿಲ್ ಒಬ್ಬಳೇ ಅವನಿಗೆ ದಿಕ್ಕು.

ಆ ಅಕ್ಟೋಬರ್ ಬೆಳಿಗ್ಗೆ ಅವನು ಹಗ್ಗ, ಸ್ಪ್ಯಾನರ್, ಕಂದು ಚೀಸ್ ಹಚ್ಚಿದ ಬ್ರೆಡ್ಡು ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದ. ಮೇಲಿನ ಸಾಲಿನಲ್ಲಿ ಹಾಳಾಗಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿ ಹೊಸದನ್ನು ಕೂರಿಸಬೇಕಿತ್ತು.

"ಇದು ಎದ್ದಿದ್ಯಾ, ಮಲಗಿದ್ಯಾ?" ಹೊಸ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಕೇಳಿದ.

"ಎದ್ದಿದೆ, ಬ್ಯಾಟರಿ ಹಾಕಿದೀನಿ," ಎಂದಳು ತೋರುನ್. "ಮೇಲೆ ಬೋಲ್ಟ್ ಹಾಕಿ, ಅದರ ಗುಂಡಿ ಒತ್ತಿ ಹಿಡಿದು ಫೋನ್ ಮಾಡು, ಆಗ್ಲೇ ಬೇರೆಯವುಗಳ ಜೊತೆ ಸೇರಿಸೋಕಾಗೋದು. ಅಲ್ಲೀವರೆಗೂ ಅದು ಎಷ್ಟು ಬಾಯಿ ಬಡ್ಕೊಂಡ್ರೂ ಅವು ಕಿವಿಗೆ ಹಾಕ್ಕೊಳಲ್ಲ. ಗುರುತಿಲ್ಲದವರ ಮಾತು ಕೇಳ್ಬೇಡಿ ಅಂತ ನಾನೇ ಹೇಳ್ಕೊಟ್ಟಿದೀನಿ."

"ಥೇಟ್ ನಮ್ಮೂರಿನವರೇ ಬಿಡು. ನೀನು ಬಂದು ಆರು ವರ್ಷ ಆಯ್ತು, ಅಂಗಡೀಲಿ ಯಾರಾದ್ರೂ ಮಾತಾಡ್ಸಿದ್ರಾ?"

"ಮೀನಿನ ಅಂಗಡಿಯವಳು ಹೋದ ವಾರ ತಲೆ ಅಲ್ಲಾಡಿಸಿದ್ಲು."

"ಅಯ್ಯಯ್ಯೋ, ಅಷ್ಟೊಂದಾ? ಹುಷಾರು ಕಣೇ, ಮುಂದಿನ ವಾರ ಮಗನಿಗೆ ನಿನ್ನ ಕೇಳೋಕೆ ಬರ್ತಾಳೆ!"

ಪೆಟ್ಟಿಗೆಯನ್ನು ಉಣ್ಣೆಯ ಅಂಗಿಯೊಳಗೆ ಹೊಟ್ಟೆಯ ಹತ್ತಿರ ಸೇರಿಸಿಕೊಂಡು ನಗುತ್ತ ಹೊರಟ. ಚಳಿ ತಾಗಿದರೆ ಬ್ಯಾಟರಿ ಸೋಲುತ್ತದೆಂದು ಅವನು ಯಾವಾಗಲೂ ಹಾಗೆಯೇ ಒಯ್ಯುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕಡಲಿನ ಕಡೆಯಿಂದ ಮಂಜು ಬಂತು. ಬಂತು ಎಂದರೆ ಬಂದೇಬಿಟ್ಟಿತು. ಕಿಟಕಿಯಿಂದ ಕಾಣುತ್ತಿದ್ದ ದೋಣಿಕಟ್ಟೆಯ ಕಂಬವೂ ಕಾಣದಾಯಿತು. ಐಲಿಫ್ ಫೋನ್ ಮಾಡಿದ. ಹಳೆಯ ಪೆಟ್ಟಿಗೆಯ ಬೋಲ್ಟು ತುಕ್ಕು ಹಿಡಿದು ಕೂತಿದೆ, ಈ ಮಂಜಿನಲ್ಲಿ ಗುದ್ದಾಡುವುದಿಲ್ಲ, ಇಳಿದು ಬರುತ್ತೇನೆ ಎಂದ. "ಒಳ್ಳೇದು, ನಿಧಾನಕ್ಕೆ ಬಾ," ಎಂದಳು ತೋರುನ್.

ಸ್ವಲ್ಪ ಹೊತ್ತಿಗೆ ಬೆಟ್ಟದ ಕಡೆಯಿಂದ ಲಾರಿಯಲ್ಲಿ ಜಲ್ಲಿ ಸುರಿದಂಥ ಸದ್ದು ಕೇಳಿತು. ಪರದೆಯ ಮೇಲೆ ಕೆಳಸಾಲಿನ ಮೂರು ಪೆಟ್ಟಿಗೆಗಳು ಒಮ್ಮೆಗೇ ನಡುಗಿ ಮತ್ತೆ ಸುಮ್ಮನಾದವು. ದೊಡ್ಡ ಬಿರುಕು ಕದಲಿರಲಿಲ್ಲ. ಅದರ ಬದಿಯ ಒಂದು ಕೋಡು ಕಳಚಿಕೊಂಡಿತ್ತು, ಅಷ್ಟೇ. ಊರಿನವರೆಗೆ ಒಂದು ಕಲ್ಲೂ ಬರಲಿಲ್ಲ. ಆದರೆ ಐಲಿಫ್ ಇಳಿಯುವ ದಾರಿ ಅದರ ಕೆಳಗೇ ಇತ್ತು.

ತೋರುನ್ ಫೋನ್ ಮಾಡಿದಳು. ಮತ್ತೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಸ್ಟೈನಾರ್‌ನ ಕರಿ," ಎಂದಳು.

ಸ್ಟೈನಾರ್ ಊರಿನ ರಕ್ಷಣಾ ತಂಡದ ಮುಖ್ಯಸ್ಥ. ಉಳಿದ ದಿನಗಳಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಕೈಯ ಎಣ್ಣೆಯನ್ನೂ ಒರೆಸಿಕೊಳ್ಳದೆ ಬಂದ. ಹೆಲಿಕಾಪ್ಟರಿನವರನ್ನು ಕೇಳಿದರೆ ಈ ಮಂಜಿನಲ್ಲಿ ಆಗುವುದಿಲ್ಲ ಎಂದರು. ಸ್ಟೈನಾರ್ ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತ.

"ಬಿದ್ದ ಕಲ್ಲು ಮೂರು ಕೊರಕಲಿಗೂ ಹಂಚಿಹೋಗಿರತ್ತೆ. ಅವನು ಯಾವುದ್ರಲ್ಲಿದಾನೋ ಯಾರಿಗ್ಗೊತ್ತು? ಒಂದು ಕೊರಕಲು ಹುಡುಕೋಕೇ ಕತ್ತಲಾಗತ್ತೆ. ನನ್ನ ಮೂಗೇ ನಂಗೆ ಕಾಣಿಸ್ತಿಲ್ಲ ಹೊರಗಡೆ. ಮೇಲಿಂದ ಇನ್ನೂ ಕಲ್ಲು ಉರುಳ್ತಾ ಇದೆ. ಎಲ್ಲಿ ಅಂತ ಹೇಳಿ, ಹೋಗ್ತೀನಿ. ಸುಮ್ನೆ ಹೋಗಿ ಹುಡುಕು ಅಂದ್ರೆ ನನ್ನ ಹುಡುಗ್ರನ್ನ ಕರ್ಕೊಂಡು ಹೋಗಲ್ಲ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ತೋರುನ್ ಪರದೆಯನ್ನೇ ನೋಡುತ್ತಿದ್ದಳು. "ಅವನ ಹತ್ರ ಪೆಟ್ಟಿಗೆ ಇದೆ," ಎಂದಳು. "ಅದು ಎದ್ದಿದೆ. ಈಗ್ಲೂ ಕೂಗ್ತಾ ಇರತ್ತೆ."

"ಮತ್ತೆ ಕೇಳಿಸ್ಕೋ!" ಎಂದ ಸ್ಟೈನಾರ್.

"ಪಕ್ಕದ ಪೆಟ್ಟಿಗೆಗಳಿಗೆ ಕೇಳಿಸ್ತಿರತ್ತೆ. ಅವು ಗುರುತಿಲ್ಲ ಅಂತ ಬಿಸಾಕ್ತಿವೆ. ನಾನು ಅವುಗಳ ಪ್ರೋಗ್ರಾಂ ಬದಲಾಯಿಸ್ಬೇಕು. ಯಾರ ಮಾತಾದ್ರೂ ತಗೋ, ಎಷ್ಟು ಜೋರಾಗಿ ಕೇಳಿಸ್ತು ಅಂತ ನಂಗೆ ಹೇಳು, ಮಲಗಬೇಡ, ಹೀಗಂತ. ಯಾವ ಪೆಟ್ಟಿಗೆಗೆ ಜೋರಾಗಿ ಕೇಳಿಸತ್ತೋ ಅದರ ಹತ್ರ ಅವನಿದಾನೆ."

ಅದರ ಅರ್ಥ ನಮಗೆಲ್ಲರಿಗೂ ತಿಳಿಯಿತು. ಮೇಯರ್ ಹಾಲ್‌ಡಿಸ್‌ಳನ್ನೂ, ವೃದ್ಧಾಶ್ರಮದಿಂದ ಮಾಗ್ನಿಲ್‌ಳನ್ನೂ ಕರೆಸಿದೆವು. ಹಾಲ್‌ಡಿಸ್ ಹಿಂದೆ ಶಾಲೆಯಲ್ಲಿ ನಮ್ಮಲ್ಲಿ ಅರ್ಧ ಜನಕ್ಕೆ ಗಣಿತ ಕಲಿಸಿದವಳು. ನಿಂತುಕೊಂಡೇ ಎಲ್ಲವನ್ನೂ ಕೇಳಿದಳು.

"ಕಳಿಸಿದ ಮೇಲೆ ಬೆಟ್ಟವನ್ನ ಯಾರು ನೋಡ್ಕೋತಾರೆ?"

"ಯಾರೂ ಇಲ್ಲ," ಎಂದಳು ತೋರುನ್. "ಅವು ಅವನಿಗೆ ಕಿವಿ ಕೊಟ್ಟಷ್ಟು ಹೊತ್ತೂ ಬಿರುಕು ಅಳೆಯಲ್ಲ. ಮಲಗದೇ ಇದ್ರೆ ಬ್ಯಾಟರಿ ಬೇಗ ಖಾಲಿ. ಮೇಲಿನ ಸಾಲಿನವು ಹಳೇವು. ಕೆಲವು ಮತ್ತೆ ಏಳ್ದೇ ಹೋಗ್ಬಹುದು."

"ಎದ್ದಿಲ್ಲ ಅಂದ್ರೆ ಚಳಿಗಾಲದಲ್ಲಿ ಹೋಗಿ ಸರಿ ಮಾಡೋರು ಯಾರು?"

"ಐಲಿಫ್," ಎಂದಳು ತೋರುನ್. ಅಂದ ಮೇಲೆಯೇ ತಾನು ಏನು ಹೇಳಿದೆನೆಂದು ಅವಳಿಗೆ ತಿಳಿದದ್ದು.

ಹೊರಗೆ ಹಿಮ ಬೆರೆತ ಮಳೆ ಶುರುವಾಗಿತ್ತು. ಹಾಲ್‌ಡಿಸ್ ಮಾಗ್ನಿಲ್ ಕಡೆ ನೋಡಿದಳು. "ನಿನ್ನ ಕಡೆಯವರನ್ನ ಈ ಹವೆಯಲ್ಲಿ ಸಾಗಿಸೋಕಾಗತ್ತಾ?"

ಮಾಗ್ನಿಲ್ ಗೋಡೆಗೆ ಒರಗಿ ನಿಂತಿದ್ದಳು. "ಸಾಗಿಸ್ಬಹುದಾ ಅಂತ ಕೇಳಿದ್ರೆ ಸಾಗಿಸ್ಬಹುದು. ಹಾಸಿಗೆ ಹಿಡಿದಿರೋರು ನಾಲ್ಕು ಜನ ಇದಾರೆ. ಗುಡ್‌ಬ್ಯೋರ್‌ಗೆ ಮೊನ್ನೆಯಿಂದ ಎದೆಯಲ್ಲಿ ಕಫ. ಸಾಗಿಸ್ಬೇಕಾ ಅಂತ ಮಾತ್ರ ನನ್ನ ಕೇಳ್ಬೇಡ ಹಾಲ್‌ಡಿಸ್. ಮೇಲಿರೋನು ನನ್ನ ತಮ್ಮ. ನನ್ನ ಬಾಯಿಂದ ಹೂಂ ಅಂತಾನೂ ಬರಬಾರ್ದು, ಊಹೂಂ ಅಂತಾನೂ ಬರಬಾರ್ದು."

ಹಾಲ್‌ಡಿಸ್ ಕಿಟಕಿಯ ಹತ್ತಿರ ಹೋಗಿ ನಿಂತಳು. ಅಲ್ಲಿ ನೋಡುವುದಕ್ಕೆ ಬಿಳಿಯ ಗೋಡೆಯಂಥ ಮಂಜು ಬಿಟ್ಟರೆ ಏನೂ ಇರಲಿಲ್ಲ. ಬಹಳ ಹೊತ್ತೇನೂ ನಿಲ್ಲಲಿಲ್ಲ. ತಿರುಗಿ, "ಸೈರನ್ ಹಾಕಿ," ಎಂದಳು. "ಫೆರಿ ದೋಣಿಯವನಿಗೆ ಹೇಳಿ, ಊರು ಖಾಲಿಯಾಗೋವರೆಗೂ ಹೋಗಿ ಬಂದು ಮಾಡ್ತಾನೇ ಇರ್ಲಿ. ಇದು ನಾನು ಮಾಡಿದ ತೀರ್ಮಾನ. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಮನೆ ಬಾಗಿಲು ತೋರ್ಸಿ."

ಜನ ಹೊರಟರು. ಗೊಣಗಲಿಲ್ಲವೆಂದು ಹೇಳಲಾರೆ. "ಒಬ್ಬನಿಗೋಸ್ಕರ ಇಷ್ಟೂ ಜನ ನೆನೀಬೇಕಾ?" ಎಂದು ಕೇಳಿದವರಿದ್ದರು. ಕೇಳಿದವರೂ ಮಕ್ಕಳ ಕೈ ಹಿಡಿದು, ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು, ಒಲೆ ಆರಿಸಿ ಬಂದರು. ಗಾಲಿ ಮಂಚಗಳ ಮೇಲೆ ಮುದುಕರನ್ನು ಟಾರ್ಪಾಲು ಹೊದಿಸಿ ತಳ್ಳಿಕೊಂಡು ಬಂದರು. ಗುಡ್‌ಬ್ಯೋರ್ ಅಜ್ಜಿಗೆ ತೊಂಬತ್ತು ದಾಟಿತ್ತು. "ಬೆಟ್ಟ ಬಿತ್ತಾ?" ಎಂದು ಕೇಳಿದಳು. "ಇಲ್ಲ ಅಜ್ಜಿ, ಐಲಿಫ್ ಬಿದ್ದಿದಾನೆ," ಎಂದೆ. "ಯಾರು, ಆ ಕುರಿ ಕಾಯೋ ಹುಡುಗನಾ? ಹಾಗಾದ್ರೆ ನಡೀರಿ, ನಡೀರಿ," ಎಂದಳು. ಮಾಗ್ನಿಲ್ ಅವಳ ಮಂಚದ ಪಕ್ಕದಲ್ಲೇ ಫೆರಿ ಹತ್ತಿದಳು. ಬೆಟ್ಟದ ಕಡೆ ತಿರುಗಿಯೂ ನೋಡಲಿಲ್ಲ.

ಫೆರಿ ಕೊನೆಯ ಸಲ ಹೊರಟಾಗ ಊರಿನಲ್ಲಿ ಉಳಿದವರು ತೋರುನ್, ಹಾಲ್‌ಡಿಸ್, ನಾನು, ಮತ್ತು ಬೆಟ್ಟದ ಬುಡದಲ್ಲಿ ಅಪ್ಪಣೆಗೆ ಕಾದಿದ್ದ ಸ್ಟೈನಾರ್‌ನ ತಂಡ. ಅಷ್ಟರಲ್ಲಿ ತೋರುನ್ ಬರೆದು ಮುಗಿಸಿದ್ದಳು. ಬರೆದದ್ದು ಬಹಳವೇನಲ್ಲವಂತೆ. ತೆಗೆದದ್ದೇ ಹೆಚ್ಚು. ಗುಂಡಿ ಒತ್ತುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

ಪರದೆಯ ಮೇಲೆ ಪೆಟ್ಟಿಗೆಗಳ ಗುರುತುಗಳು ಬುಡದಿಂದ ಮೇಲಕ್ಕೆ ಒಂದೊಂದಾಗಿ ಕಪ್ಪಾದವು. ಒಂದು ಕಪ್ಪಾಗಿ ತನ್ನಲ್ಲಿ ಬರೆದುಕೊಳ್ಳುವುದು, ಮೇಲಿನದಕ್ಕೆ ದಾಟಿಸುವುದು. ಸ್ವಲ್ಪ ಹೊತ್ತು ಇಡೀ ಬೆಟ್ಟವೇ ಕಪ್ಪು. ಆ ಹೊತ್ತಿನಲ್ಲಿ ಗ್ರೋನಿಬ್ಬ ಕುಸಿದಿದ್ದರೆ ನಮಗೆ ಸದ್ದಿನಿಂದಲೇ ತಿಳಿಯಬೇಕಿತ್ತು. ಹಾಲ್‌ಡಿಸ್ ನನ್ನ ಹೆಗಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಮರುದಿನ ಅಲ್ಲಿ ಬೆರಳಿನ ಗುರುತುಗಳಿದ್ದವು.

ಆಮೇಲೆ ಒಂದು ಹಸಿರಾಯಿತು. ಅದರ ಮೇಲಿನದು. ಅದರ ಪಕ್ಕದ್ದು. ಮೇಲಿನ ಸಾಲಿನಲ್ಲಿ ಎರಡು ಹಸಿರಾಗಲೇ ಇಲ್ಲ. "ಹೋದ್ವು," ಎಂದಳು ತೋರುನ್, ಅಷ್ಟೇ. ಉಳಿದವು ಕಿವಿ ತೆರೆದು ಕೂತವು.

ಮೊದಲು ಏನೂ ಬರಲಿಲ್ಲ. ಎಡಗಡೆಯ ಕೊರಕಲಿನ ಪೆಟ್ಟಿಗೆಗಳಿಗೆ ಏನೂ ಕೇಳಿಸಿರಲಿಲ್ಲ. ಬಲಗಡೆಯದರಲ್ಲೂ ಇಲ್ಲ. ನಡುವಿನ ಕೊರಕಲಿನ ಮೇಲ್ಭಾಗದ ಒಂದು ಪೆಟ್ಟಿಗೆ, ಆಮೇಲೆ ಅದರ ಕೆಳಗಿನದು, ಗುರುತಿಲ್ಲದ ಒಂದು ದನಿ ಕೇಳಿತೆಂದು ಹೇಳಿದವು. ಕೆಳಗಿನದಕ್ಕೆ ಹೆಚ್ಚು ಜೋರಾಗಿ ಕೇಳಿತ್ತು. ತೋರುನ್ ಕುರ್ಚಿಯಿಂದ ಎದ್ದುಬಿಟ್ಟಳು.

"ಸ್ಟೈನಾರ್! ನಡುವಿನ ಕೊರಕಲು! ದೊಡ್ಡ ಬಂಡೆ ಇದ್ಯಲ್ಲ, ಕುರಿಗಳು ನಿಲ್ತಾವಲ್ಲ, ಅದರಿಂದ ಸ್ವಲ್ಪ ಮೇಲೆ!"

"ಹೊರಟೆ," ಎಂದಿತು ರೇಡಿಯೊ.

ಆ ದನಿಯ ಜೊತೆಗೆ ಪೆಟ್ಟಿಗೆ ಅಳೆದ ಲೆಕ್ಕವೂ ಬಂದಿತ್ತು. ಎಷ್ಟು ವಾಲಿದೆ, ಎಷ್ಟು ಚಳಿ. ಚಳಿಯ ಲೆಕ್ಕದಲ್ಲಿ ಬೆಟ್ಟದ ಎಲ್ಲ ಪೆಟ್ಟಿಗೆಗಳೂ ಒಂದು ಡಿಗ್ರಿ, ಅರ್ಧ ಡಿಗ್ರಿ ಎನ್ನುತ್ತಿದ್ದವು. ಇದು ಇಪ್ಪತ್ತಾರು ಎನ್ನುತ್ತಿತ್ತು.

"ಹಾಳಾಗಿದ್ಯಾ ಅದು?" ಎಂದು ಕೇಳಿದಳು ಹಾಲ್‌ಡಿಸ್.

"ಇಲ್ಲ. ಅಂಗಿಯೊಳಗಿದೆ," ಎಂದಳು ತೋರುನ್. "ಅವನ ಮೈಯ ಬಿಸಿ ಅದು."

ಹೀಗೆ ನಾವು ಮೂವರೂ ಕೂತು ಐಲಿಫ್‌ನ ಮೈಯ ಬಿಸಿಯನ್ನು ಪರದೆಯ ಮೇಲೆ ನೋಡಿದೆವು. ನನ್ನ ಜೀವನದಲ್ಲಿ ಅದಕ್ಕಿಂತ ಕಷ್ಟದ ಹೊತ್ತು ಕಂಡಿಲ್ಲ. ಇಪ್ಪತ್ತಾರು ಇಪ್ಪತ್ತೈದಾಯಿತು. ಸ್ಟೈನಾರ್‌ನ ತಂಡ ಒದ್ದೆ ಕಲ್ಲುಗಳ ಮೇಲೆ ಕೈಕಾಲೂರಿ ಹತ್ತುತ್ತಿತ್ತು. ಇಪ್ಪತ್ನಾಲ್ಕು. ರೇಡಿಯೊದಲ್ಲಿ ಸ್ಟೈನಾರ್ ಏದುಸಿರು ಬಿಡುತ್ತ, "ಬಂಡೆ ಹತ್ರ ಇದೀವಿ. ಏನೂ ಕಾಣಿಸ್ತಿಲ್ಲ. ಕೂಗಿದ್ರೆ ಗಾಳಿ ತಿಂದ್ಹಾಕ್ತಿದೆ. ಇಲ್ಲೆಲ್ಲ ಮನೆಯಷ್ಟು ದೊಡ್ಡ ಕಲ್ಲುಗಳು ತೋರುನ್, ಯಾವುದರ ಸಂದೀಲಿ ಅಂತ ನೋಡ್ಲಿ?" ಎಂದ.

ತೋರುನ್ ಹಣೆಯನ್ನು ಅಂಗೈಗೆ ಒತ್ತಿಕೊಂಡಳು. "ಅದರ ಮೇಲೆ ಒಂದು ದೀಪ ಇದೆ," ಎಂದಳು. "ಸಾಸಿವೆಯಷ್ಟು. ಹಸಿರು. ಮೊದಲ ಸಲ ಏಳುವಾಗ ಒಂದ್ಸಲ ಹೊಳೆದು ಆರತ್ತೆ. ಅದನ್ನ ಹೊಳೀತಾನೇ ಇರು ಅಂತ ಮಾಡ್ಬಹುದು."

"ಮಾಡು ಮತ್ತೆ," ಎಂದೆ.

"ಅವನ ಪೆಟ್ಟಿಗೆಗೇ ಹೊಸ ಪ್ರೋಗ್ರಾಂ ಕಳಿಸ್ಬೇಕು. ಬರೆದುಕೊಳ್ಳೋವಾಗ ಅದು ಸುಮ್ಮನಾಗತ್ತೆ. ಬಿದ್ದಿರೋ ಪೆಟ್ಟಿಗೆ, ಒಡೆದಿದ್ಯೋ ಏನೋ, ಮತ್ತೆ ಏಳ್ದೇ ಹೋದ್ರೆ ಇರೋ ದನೀನೂ ಹೋಗತ್ತೆ."

ಹಾಲ್‌ಡಿಸ್ ಹೇಳಿದಳು: "ಊರು ಖಾಲಿ ಮಾಡೋದು ನನ್ನ ಕೆಲಸ ಆಗಿತ್ತು, ಮಾಡ್ದೆ. ಇದು ನಿನ್ನ ಕೆಲಸ."

ಕಳಿಸಿದಳು. ಆ ದನಿ ನಿಂತಿತು. ಪಕ್ಕದ ಪೆಟ್ಟಿಗೆಗಳು ಮತ್ತೆ ಮತ್ತೆ ಏನೂ ಇಲ್ಲ, ಏನೂ ಇಲ್ಲ ಎಂದವು. ತೋರುನ್ ತುಟಿ ಕಚ್ಚಿ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೂ ಎಣಿಸಿದಳು. ಅವಳ ಗಲ್ಲದಿಂದ ನೀರು ಇಳಿದು ಕೀಲಿಮಣೆಯ ಮೇಲೆ ಬಿತ್ತು, ಅದನ್ನು ತೋಳಿನಿಂದ ಒರೆಸಿದಳು. ಆಗ ದನಿ ಮತ್ತೆ ಬಂತು. ಇಪ್ಪತ್ತೆರಡು ಡಿಗ್ರಿ.

ಅದರ ಜೊತೆಗೆ ಇನ್ನೊಂದು ಬಂತು. ಇಷ್ಟು ಹೊತ್ತೂ ಒಂದೇ ಕಡೆ ವಾಲಿದ್ದ ಪೆಟ್ಟಿಗೆ ಈಗ ತಲೆಕೆಳಗಾಗಿತ್ತು. ಮುಂದಿನ ಸಲ ಸರಿಯಾಗಿ ನಿಂತಿತ್ತು. ಮತ್ತೆ ತಲೆಕೆಳಗು.

"ಉರುಳ್ತಿದ್ಯಾ?" ಎಂದೆ.

ತೋರುನ್ ಇನ್ನೊಂದು ಲೆಕ್ಕ ಬರುವವರೆಗೆ ಕಾದಳು. ಆಮೇಲೆ ಹೇಳಿದಳು: "ಅವನು ತಿರುಗಿಸ್ತಿದಾನೆ. ಹೊಸ ಪೆಟ್ಟಿಗೆ ಕೂರಿಸೋಕೆ ಮುಂಚೆ ಹೀಗೇ ತಿರುಗಿಸ್ತಾನೆ, ನಾನು ಇಲ್ಲಿಂದ ಕಾಣಿಸ್ತು ಅಂತೀನಿ. ದೀಪ ನೋಡಿದಾನೆ. ನಾವು ಇದೀವಿ ಅಂತ ಗೊತ್ತಾಗಿದೆ ಅವನಿಗೆ."

ಪರದೆಯ ಹತ್ತಿರ ಬಾಗಿ, ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ, "ಕಾಣಿಸ್ತು ಐಲಿಫ್, ಕಾಣಿಸ್ತು," ಎಂದಳು.

ಸ್ಟೈನಾರ್‌ನ ತಂಡದವರು ಕೈದೀಪಗಳನ್ನೆಲ್ಲ ಆರಿಸಿ ಮಂಜಿನಲ್ಲಿ ಸುಮ್ಮನೆ ನಿಂತರು. ಬಿಳಿಯೊಳಗೆ ಒಂದು ಕಡೆ ಹಸಿರು ಮಸುಕಾಗಿ ಬಂದು ಹೋಗುತ್ತಿತ್ತು. ಅದರ ಹಿಂದೆಯೇ ನಡೆದರು.

ಐಲಿಫ್ ಎರಡು ಬಂಡೆಗಳ ನಡುವೆ ಇದ್ದ. ಸೊಂಟದಿಂದ ಕೆಳಗೆ ಕಲ್ಲು. ಪೆಟ್ಟಿಗೆಯನ್ನು ಅಂಗಿಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದ. ಎಚ್ಚರವಾಗಿದ್ದ, ಮಾತಾಡಿದ. ಆ ಮಾತುಗಳನ್ನು ಸ್ಟೈನಾರ್ ಆಮೇಲೆ ನಮಗೆ ಹೇಳಿದ.

"ಪ್ರೋಗ್ರಾಂ ಕಳಿಸಿದ್ಲಾ ಅವಳು? ನಿಯಮ ಇದ್ಯಲ್ಲೋ."

"ಊರು ಖಾಲಿ ಮಾಡಿ ಕಳಿಸಿದ್ಲು."

"ಊರಿಗೆ ಊರೇ? ನಂಗೋಸ್ಕರ?" ಎಂದನಂತೆ ಐಲಿಫ್. "ನಿಮಗೆಲ್ಲ ತಲೆ ಕೆಟ್ಟಿದ್ಯಾ? ಮುದುಕರನ್ನೂ ಈ ಮಳೇಲಿ..." ಆಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು, "ಮಾಗ್ನಿಲ್ ಬೈತಾಳೆ ನಂಗೆ," ಎಂದನಂತೆ.

ಕಲ್ಲನ್ನು ಎತ್ತಲು ಜಾಕ್ ಕೂರಿಸಿದರು. ಹುಷಾರಾಗಿ, ಬೆರಳಿನಷ್ಟು ಬೆರಳಿನಷ್ಟು ಎತ್ತಿದರು. ಕಲ್ಲಿನ ಭಾರವೇ ಅಷ್ಟು ಹೊತ್ತೂ ಅವನ ರಕ್ತವನ್ನು ಹಿಡಿದು ನಿಲ್ಲಿಸಿತ್ತು. ಅದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಸೊಂಟಕ್ಕೆ ಪಟ್ಟಿ ಬಿಗಿದಿದ್ದರು, ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದರು. ಬೇರೆ ದಾರಿಯೂ ಇರಲಿಲ್ಲ. ಕಲ್ಲು ಎದ್ದ ಮೇಲೆ ಅವನು ಒಂದು ಸಲ ಸ್ಟೈನಾರ್‌ನ ತೋಳು ಹಿಡಿದು, ಕೈ ಬಿಟ್ಟ.

ರೇಡಿಯೊ ಬಹಳ ಹೊತ್ತು ಸುಮ್ಮನಿತ್ತು. ನಾವು ಕೇಳಲಿಲ್ಲ. ಪರದೆಯ ಮೇಲೆ ಆ ಪೆಟ್ಟಿಗೆಯ ಅಂಕಿ ಹದಿನೈದು, ಹನ್ನೊಂದು, ಏಳು ಎಂದು ಇಳಿದು ಬೆಟ್ಟದ ಬೇರೆ ಪೆಟ್ಟಿಗೆಗಳ ಜೊತೆ ಸೇರಿಕೊಂಡಿತು. ಅದು ಅವನ ಕೈಯಿಂದ ಬಿದ್ದದ್ದರಿಂದಲೂ ಆಗಿರಬಹುದು. ಆಮೇಲೆ ಸ್ಟೈನಾರ್, "ಇಳಿಸ್ಕೊಂಡು ಬರ್ತಿದೀವಿ. ಅವಸರ ಇಲ್ಲ," ಎಂದ.

ಅವನನ್ನು ಹೊತ್ತು ತಂದಾಗ ಸಂಜೆಯಾಗಿತ್ತು. ನಮ್ಮೂರಿನಲ್ಲಿ ಬೆಟ್ಟದಿಂದಲೋ ಕಡಲಿನಿಂದಲೋ ಯಾರನ್ನಾದರೂ ಹೀಗೆ ತಂದರೆ ಊರಿಗೆ ಊರೇ ದೋಣಿಕಟ್ಟೆಯಲ್ಲಿ ಟೋಪಿ ತೆಗೆದು ನಿಲ್ಲುತ್ತದೆ. ಅಂದು ಒಂದು ಕಿಟಕಿಯಲ್ಲೂ ದೀಪವಿರಲಿಲ್ಲ. ತೋರುನ್, ಹಾಲ್‌ಡಿಸ್, ನಾನು, ಮೂವರೇ ನಿಂತಿದ್ದೆವು. ಅಂಗಡಿಯ ಮುಂದೆ ಯಾರೋ ಅವಸರದಲ್ಲಿ ಬಿಟ್ಟುಹೋದ ಮಗುವಿನ ಸೈಕಲ್ ಮಳೆಯಲ್ಲಿ ಬಿದ್ದಿತ್ತು.

ಊರಿನವರು ಮನೆಗೆ ಮರಳಲಿಲ್ಲ. ತೋರುನ್ ಹಳೆಯ ಪ್ರೋಗ್ರಾಂ ಅನ್ನು ಮತ್ತೆ ಕಳಿಸಿದಳು. ಆದರೆ ಅಷ್ಟರಲ್ಲಿ ಮೇಲಿನ ಸಾಲಿನ ಬ್ಯಾಟರಿಗಳು ಬರಿದಾಗಿ ಹೆಚ್ಚಿನವು ಸತ್ತಿದ್ದವು. ಎರಡು ದಿನದಲ್ಲಿ ಹಿಮ ಬಿದ್ದು ಬಿರುಕು ಮುಚ್ಚಿತು. ಆ ಬಂಡೆಗಳ ಮೇಲೆ ಚಳಿಗಾಲದಲ್ಲಿ ಕಾಲಿಡಬಲ್ಲವನು ಒಬ್ಬನೇ ಇದ್ದ, ಅವನನ್ನು ನೆಸ್‌ನ ಇಗರ್ಜಿಯ ಹಿಂದೆ ಮಣ್ಣು ಮಾಡಿದ್ದರು. ನಮ್ಮೂರಿನ ಇಗರ್ಜಿಗೂ ಹೋಗುವ ಹಾಗಿರಲಿಲ್ಲ. ಹೀಗಾಗಿ ವಸಂತದವರೆಗೆ ನಾವು ಬೇರೆಯವರ ಕೋಣೆಗಳಲ್ಲಿ, ಬೇಸಿಗೆ ಮನೆಗಳಲ್ಲಿ, ನೆಂಟರ ಮಹಡಿಗಳಲ್ಲಿ ಇದ್ದೆವು. ಕುರಿಗಳನ್ನು ಮಾರಿದವರು ಮಾರಿದರು. ಗುಡ್‌ಬ್ಯೋರ್ ಅಜ್ಜಿಯ ಎದೆಯ ಕಫ ಇಳಿಯಲೇ ಇಲ್ಲ. ಕ್ರಿಸ್ಮಸ್‌ಗೆ ಮುಂಚೆ ನೆಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ತಾನು ಎಲ್ಲಿದ್ದೇನೆಂದೇ ಅವಳಿಗೆ ತಿಳಿಯುತ್ತಿರಲಿಲ್ಲವಂತೆ.

ಅವಳ ಮಗ ಆರ್ನ್‌ಸ್ಟೈನ್ ನೆಸ್‌ನ ಅಂಗಡಿಯಲ್ಲಿ ತೋರುನ್‌ಳನ್ನು ಕಂಡು ತಡೆದು ನಿಲ್ಲಿಸಿದ. ನಾನು ಪಕ್ಕದಲ್ಲೇ ಇದ್ದೆ.

"ಸತ್ತವನನ್ನ ಹುಡುಕೋಕೆ ನನ್ನ ಅಮ್ಮನ್ನ ಸಾಯಿಸಿದ್ರಿ."

"ಆಗ ಅವನು ಸತ್ತಿರ್ಲಿಲ್ಲ," ಎಂದಳು ತೋರುನ್.

"ಏನು ಉಳೀತು ಅದರಿಂದ? ಹೇಳು. ಏನುಳೀತು?"

ತೋರುನ್ ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟು ಹೊರಗೆ ಹೋದಳು. ಆರ್ನ್‌ಸ್ಟೈನ್ ಕೆಟ್ಟವನಲ್ಲ. ಐಲಿಫ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಜನವರಿಯಲ್ಲಿ ಒಂದು ದಿನ ಮಾಗ್ನಿಲ್ ತೋರುನ್ ಇದ್ದ ಕೋಣೆಗೆ ಬಂದಳು. ನಾನೂ ತೋರುನ್ ಜೊತೆಗೇ ಅಲ್ಲಿ ಇರುತ್ತಿದ್ದೆ. ಐಲಿಫ್ ಹೋದ ದಿನದಿಂದ ಅವರಿಬ್ಬರೂ ಮಾತಾಡಿರಲಿಲ್ಲ. ಮಾಗ್ನಿಲ್ ಕೋಟು ತೆಗೆಯದೆ ಕೂತು ಕಾಫಿ ಕುಡಿದಳು.

"ಅವನು ಅದನ್ನ ತಿರುಗಿಸ್ತಿದ್ದ ಅಂತ ಸ್ಟೈನಾರ್ ಹೇಳ್ದ," ಎಂದಳು.

"ಹೌದು."

"ಎಷ್ಟು ಸಲ?"

"ಎಣಿಸ್ಲಿಲ್ಲ. ಅವರು ಹತ್ರ ಹೋಗೋವರೆಗೂ ತಿರುಗಿಸ್ತಾನೇ ಇದ್ದ."

ಮಾಗ್ನಿಲ್ ಬಟ್ಟಲನ್ನು ಸುತ್ತಿಸುತ್ತ ಕೂತಳು. "ನಾನು ಫೆರಿಯಲ್ಲಿ ಏನು ಬೇಡ್ಕೋತಿದ್ದೆ ಗೊತ್ತಾ? ಅವನು ಆಗ್ಲೇ ಹೋಗಿಬಿಟ್ಟಿರ್ಲಿ ಅಂತ. ಅಲ್ಲೊಬ್ನೇ ನರಳ್ತಾ ಬಿದ್ದಿರೋದು ಬೇಡ ಅಂತ. ಪಕ್ಕದಲ್ಲಿ ಗುಡ್‌ಬ್ಯೋರ್ ಕೆಮ್ಮೋಳು, ನಾನು ಬೇಡ್ಕೊಳೋಳು." ಬಟ್ಟಲನ್ನು ಕೆಳಗಿಟ್ಟು, "ಒಬ್ನೇ ಇರ್ಲಿಲ್ಲ ಅಂತ ಆಯ್ತಲ್ಲ," ಎಂದಳು. ಅದರಿಂದ ಅವಳಿಗೆ ಸಮಾಧಾನವಾಯಿತೆಂದು ನನಗೆ ಅನ್ನಿಸಲಿಲ್ಲ. ಎದ್ದು ಹೋಗುವಾಗ ತೋರುನ್‌ಳ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು, ಆಶ್ರಮದ ಮುದುಕರಿಗೆ ಇಡುವ ಹಾಗೆ.

ಮೇ ತಿಂಗಳಲ್ಲಿ ಹಿಮ ಕರಗಿತು. ತೋರುನ್ ಕೆಲಸ ಬಿಟ್ಟು ಟ್ರೋನ್‌ಹೈಮ್‌ಗೆ ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಸ್ಟೈನಾರ್‌ನ ಹತ್ತಿರ ಹಗ್ಗ ಕಟ್ಟುವುದನ್ನು ಕಲಿತಿದ್ದಳು. ಇಬ್ಬರೂ ಹೊಸ ಪೆಟ್ಟಿಗೆಗಳನ್ನು ಹೊತ್ತು ಮೇಲಿನ ಸಾಲಿಗೆ ಹತ್ತಿದರು. ಅವಳಿಗೆ ಎತ್ತರವೆಂದರೆ ಭಯ, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳೆಂದು ಸ್ಟೈನಾರ್ ಹೇಳಿದ. ಆದರೂ ತುಕ್ಕು ಹಿಡಿದ ಬೋಲ್ಟನ್ನು ಬಿಚ್ಚದೆ ಇಳಿಯಲಿಲ್ಲವಂತೆ. ನಾನು ಕೆಳಗೆ ಕೋಣೆಯಲ್ಲಿ ಕೂತು, ಒಂದೊಂದು ಪೆಟ್ಟಿಗೆಯೂ ಹಸಿರಾದಾಗ ಫೋನಿನಲ್ಲಿ ಹೇಳುತ್ತಿದ್ದೆ.

ಮರುವಾರ ಫೆರಿ ನಮ್ಮನ್ನು ವಾಪಸು ತಂದಿತು. ಮನೆಗಳು ತೇವದ ವಾಸನೆ ಹೊಡೆಯುತ್ತಿದ್ದವು. ಕೆಲವರು ಬರಲೇ ಇಲ್ಲ, ನೆಸ್‌ನಲ್ಲೇ ಮನೆ ಮಾಡಿಕೊಂಡರು. ಆರ್ನ್‌ಸ್ಟೈನ್ ಬಂದ. ಗ್ರೋನಿಬ್ಬ ಇನ್ನೂ ನಿಂತಿದೆ. ಅಳೆದು ನೋಡಿದರೆ, ಬಿರುಕು ಆ ಚಳಿಗಾಲದಲ್ಲಿ ಬೇರೆ ವರ್ಷಗಳಿಗಿಂತ ಹೆಚ್ಚೇನೂ ತೆರೆದಿರಲಿಲ್ಲ.